ಮನೆ ಹುಡುಕುವ ಜೇನು

ಹಲಸಿನ ಕೊಂಬೆಗೆ ಮುದ್ದೆಯಂತೆ ಜೋತುಬಿದ್ದ ತುಡುವೆ ಜೇನಿನ ಹಿಂಡನ್ನು ಕಂಡು ಮೊಮ್ಮಗಳು ಕೇಳಿದಳು: "ಅಜ್ಜ, ಮುಂದೆ ಎಲ್ಲಿಗೆ ಹೋಗ್ಬೇಕು ಅಂತ ರಾಣಿ ಹೇಳ್ತಾಳಾ?" ರಾಣಿ ಎಂದ ಮೇಲೆ ಅಪ್ಪಣೆ ಕೊಡದೆ ಇರುತ್ತಾಳೆಯೇ ಅಂತ ಅವಳ ಲೆಕ್ಕ. ಜೇನಿನ ರಾಣಿ ಕೊಡುವುದಿಲ್ಲ.

ಹೂವಿನ ಕಾಲದಲ್ಲಿ ಗೂಡು ತುಂಬಿ ಜೇನು ಪಾಲಾಗುತ್ತದೆ. ನಮ್ಮಲ್ಲಿ ಮಗಳು ಮನೆ ಬಿಟ್ಟು ಹೋದರೆ ಅಲ್ಲಿ ತಾಯಿಯೇ ಮಗಳಿಗೆ ಮನೆ ಬಿಟ್ಟುಕೊಟ್ಟು, ಬಳಗ ಕಟ್ಟಿಕೊಂಡು ಹೊರಡುತ್ತಾಳೆ. ಕೊಂಬೆಯಲ್ಲಿ ತಂಗಿರುವಾಗ ಸೂರಿಲ್ಲ, ಹೊಟ್ಟೆಯಲ್ಲಿ ತುಂಬಿಕೊಂಡು ಬಂದ ತುಪ್ಪವಷ್ಟೇ ಬುತ್ತಿ. ಆರಿಸಿದ ಪೊಟರೆ ಕೆಟ್ಟದಾದರೆ ಸಂಸಾರವೇ ಅಳಿದುಹೋದೀತು.

1949ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಮಾರ್ಟಿನ್ ಲಿಂಡಾವರ್ ಎಂಬ ವಿಜ್ಞಾನಿ ನಮ್ಮ ತುಡುವೆಯ ನೆಂಟನಾದ ಯುರೋಪಿನ ಜೇನಿನ ಹಿಂಡೊಂದನ್ನು ನೋಡುತ್ತ ನಿಂತರು. ಅದರ ಮೇಲೆ ಕೆಲವು ನೊಣಗಳು ಕುಣಿಯುತ್ತಿದ್ದವು. ಅವುಗಳ ಮೈಗೆ ಮೆತ್ತಿದ್ದದ್ದು ಪರಾಗವಲ್ಲ, ಮಸಿ ಮತ್ತು ಇಟ್ಟಿಗೆ ಪುಡಿ! ಯುದ್ಧದಲ್ಲಿ ಬಾಂಬು ಬಿದ್ದಿದ್ದ ಊರು ಅದು. ಹೊಗೆಗೂಡು, ಮುರಿದ ಗೋಡೆಗಳನ್ನೆಲ್ಲ ಹೊಕ್ಕು ಮನೆ ನೋಡಿ ಬಂದಿದ್ದವು.

ಆ ಕುಣಿತದಲ್ಲೇ ದಿಕ್ಕೂ ದೂರವೂ ಇರುತ್ತವೆ. ಜಾಗ ಚೆನ್ನಾಗಿದ್ದಷ್ಟೂ ಕುಣಿತದ ಸುತ್ತು ಹೆಚ್ಚು. ಕುಣಿತ ನೋಡಿದ ನೊಣ ಅದನ್ನು ಸುಮ್ಮನೆ ನಂಬುವುದಿಲ್ಲ. ತಾನೇ ಹಾರಿಹೋಗಿ, ಒಳಗೆಲ್ಲ ನಡೆದಾಡಿ, ಒಪ್ಪಿಗೆಯಾದರೆ ಮಾತ್ರ ಬಂದು ಕುಣಿಯುತ್ತದೆ. ನನಗೆ ಬಹಳ ಹಿಡಿಸಿದ್ದು ಇದು: ಒಂದೇ ನೊಣ ಮತ್ತೆ ಮತ್ತೆ ಹೋಗಿ ಬಂದಂತೆ ಅದರ ಕುಣಿತ ತಗ್ಗುತ್ತಾ ಕೊನೆಗೆ ನಿಂತೇಹೋಗುತ್ತದೆ. ಹಟವೇ ಇಲ್ಲ! (ನಮ್ಮ ಮನೆಗೆ ಯಾವ ಬಣ್ಣ ಹೊಡೆಸಬೇಕೆಂಬ ಚರ್ಚೆ ಮೂರು ತಿಂಗಳು ನಡೆದಿತ್ತು.) ಸಾಧಾರಣ ಜಾಗದ ಸುದ್ದಿ ಬೇಗ ಆರುತ್ತದೆ, ಒಳ್ಳೆಯ ಜಾಗದ್ದು ಹೊಸಬರಿಂದ ಹೊಸಬರಿಗೆ ಹಬ್ಬುತ್ತದೆ.

ಅಮೆರಿಕದ ಥಾಮಸ್ ಸೀಲಿ ದೊಡ್ಡ ಮರಗಳಿಲ್ಲದ ದ್ವೀಪವೊಂದಕ್ಕೆ ಹಿಂಡುಗಳನ್ನು ಒಯ್ದು 5 ಪೆಟ್ಟಿಗೆ ಇಟ್ಟರು. ಒಳ್ಳೆಯದು ಒಂದೇ. 5 ಹಿಂಡುಗಳಲ್ಲಿ 4 ಅದನ್ನೇ ಆರಿಸಿಕೊಂಡವು. ಎಲ್ಲ ನೊಣಗಳೂ ಒಪ್ಪಲಿ ಎಂದು ಅವು ಕಾಯುವುದಿಲ್ಲ ಎಂಬುದನ್ನೂ ಅವರು ಕಂಡುಕೊಂಡರು. ಹೊಸ ಜಾಗದಲ್ಲಿ ಮನೆ ನೋಡಲು ಬಂದ 20–30 ನೊಣಗಳು ಒಟ್ಟಿಗೆ ಸೇರಿದರೆ ಸಾಕು. ಅವು ಮರಳಿ ಬಂದು ಪೀಪಿಯಂಥ ಸದ್ದು ಮಾಡುತ್ತಾ ಉಳಿದವನ್ನು ಎಚ್ಚರಿಸುತ್ತವೆ. ಎಲ್ಲವೂ ಮೈ ಬಿಸಿ ಮಾಡಿಕೊಂಡು ಒಮ್ಮೆಗೇ ಏಳುತ್ತವೆ.

ಆಗಲೂ ದಾರಿ ಬಲ್ಲವು ನೂರಕ್ಕೆ ಐದೂ ಇರುವುದಿಲ್ಲ. ಅವು ಹಿಂಡಿನ ಮೇಲ್ಭಾಗದಲ್ಲಿ ಹೊಸ ಮನೆಯತ್ತ ಸರ್ರನೆ ಹಾರಿ ದಿಕ್ಕು ತೋರಿಸುತ್ತವೆ. ದಾರಿ ಗೊತ್ತಿಲ್ಲದವು ಅವನ್ನು ನೋಡಿಕೊಂಡು ಹೋಗುತ್ತವೆ. ರಾಣಿ ಇರುವುದೂ ಆ ಗುಂಪಿನಲ್ಲೇ.