ಎರೆಯುವ ಹೊತ್ತಿನ ಟಿಪ್ಪಣಿಗಳು

ತಂಗಿಯ ಬಾಣಂತನಕ್ಕೆ ಬರುವ ಅಜ್ಜಿ ಬಚ್ಚಲಲ್ಲಿ ಮಣೆ ಹಾಕಿ, ಸೀರೆ ಮೊಣಕಾಲಿನ ಮೇಲಕ್ಕೆ ಸೆಕ್ಕಿ, ಎರಡೂ ಕಾಲು ಚಾಚಿ ಕೂರುತ್ತಾಳೆ. ಮೊಣಕೈ ಅದ್ದಿ ನೀರಿನ ಹದ ನೋಡುತ್ತಾಳೆ. ಕೂಸು ಬೋರಲು, ಅದರ ಮುಖ ಅವಳ ಕಣಕಾಲುಗಳ ನಡುವಿನ ಸಂದಿಯಲ್ಲಿ. ಹೊಯ್ದ ನೀರು ಬೆನ್ನ ಮೇಲಿಂದ ಜಾರಿ ಹೋಗುತ್ತದೆ, ಮೂಗಿಗೆ ಬರುವುದಿಲ್ಲ. ನಾನು ಉಡುಗೊರೆ ತಂದ ಪ್ಲಾಸ್ಟಿಕ್ ಟಬ್ಬಿನಲ್ಲಿ ಈಗ ಒಗೆಯುವ ಬಟ್ಟೆ ತುಂಬಿದೆ.

*

ಮಗು ಕಿರುಚುತ್ತದೆ. "ಅಳ್ಲಿ ಬಿಡಿ, ಎದೆ ಗಟ್ಟಿ ಆಗ್ತದೆ." ಆಮೇಲೆ ಸಾಂಬ್ರಾಣಿ ಹೊಗೆ, ಹಳೇ ಪಂಚೆಯಲ್ಲಿ ಬಿಗಿಯಾಗಿ ಸುತ್ತುವುದು, ಒಂದಿಷ್ಟು ಹಾಲು, ಗಡದ್ದು ನಿದ್ದೆ. ನಿದ್ದೆ ತರಿಸಿದ್ದು ಎಣ್ಣೆ ತೀಡಿದ್ದೋ, ಬಿಸಿನೀರೋ, ಅತ್ತ ಸುಸ್ತೋ? ಒಂದೊಂದನ್ನೇ ಬಿಟ್ಟು ನೋಡೋಣ ಎಂದೆ. ಅಜ್ಜಿ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

*

ಇಷ್ಟೊಂದು ಒತ್ತಬೇಕಾ ಎಂದು ಕೇಳಿದ್ದಕ್ಕೆ, "ಬರೀ ಸವರಿದ್ರೆ ಕಚಗುಳಿ ಇಟ್ಟಂಗಾಗ್ತದೆ" ಅಂದಳು. ಮಯಾಮಿಯ ಸಂಶೋಧಕಿ ಟಿಫನಿ ಫೀಲ್ಡ್ ಹೇಳುವುದೂ ಹೆಚ್ಚುಕಡಿಮೆ ಇದನ್ನೇ! ಅವಧಿಗೆ ಮೊದಲೇ ಹುಟ್ಟಿದ ಶಿಶುಗಳಿಗೆ ದಿನಕ್ಕೆ 3 ಸಲ, ಸಲಕ್ಕೆ 15 ನಿಮಿಷದಂತೆ 10 ದಿನ ಮೈ ತೀಡಿಸಿ ಆಕೆಯ ತಂಡ 1986ರಲ್ಲಿ ವರದಿ ಪ್ರಕಟಿಸಿತು. ತೀಡಿಸಿಕೊಂಡ ಮಕ್ಕಳ ತೂಕ ಉಳಿದವರಿಗಿಂತ ಶೇ 47ರಷ್ಟು ಹೆಚ್ಚು ಏರಿತ್ತು. ಸೋಜಿಗವೆಂದರೆ, ಅವು ಹೆಚ್ಚು ಹಾಲು ಕುಡಿದಿರಲಿಲ್ಲ. ಮೆಲ್ಲಗೆ ಸವರಿದರೆ ಸಾಲದು, ಚರ್ಮ ಸ್ವಲ್ಪ ಅದುಮುವಷ್ಟು ಒತ್ತಡ ಬೇಕು ಎಂಬುದು ಮುಂದಿನ ಪ್ರಯೋಗಗಳಲ್ಲಿ ಕಂಡಿತು. ಆ ಒತ್ತಡಕ್ಕೆ ವೇಗಸ್ ನರ ಚುರುಕಾಗಿ, ಜಠರದ ಚಲನೆ ಹೆಚ್ಚಿ, ಕುಡಿದದ್ದು ಮೈಗೆ ಹತ್ತುತ್ತದೆ ಎಂಬುದು ಅವರ ವಿವರಣೆ.

ಆದರೆ ಮಯಾಮಿಯ ಒತ್ತಡವೂ ನಮ್ಮ ಬಚ್ಚಲಿನ ಒತ್ತಡವೂ ಒಂದೇನಾ? ಅಳೆಯುವ ಮೀಟರು ನನ್ನ ಹತ್ತಿರವಿಲ್ಲ.

*

ಅಜ್ಜಿಯ ಪಕ್ಷ ಸೇರಿಬಿಡೋಣ ಅಂದುಕೊಳ್ಳುವಷ್ಟರಲ್ಲಿ ಅವಳು ಕೂಸಿನ ಪುಟ್ಟ ಮೊಲೆ ಹಿಂಡಲು ಹೋದಳು. "ಹಾಲು ತೆಗೀದಿದ್ರೆ ಗಂಟಾಗ್ತದೆ." ಗಂಡುಮಗುವಿಗೆ! ತಾಯಿಯ ಹಾರ್ಮೋನಿನಿಂದ ಬಂದ ಬಾವು ಅದು, ಕೆಲವು ವಾರಗಳಲ್ಲಿ ತಾನೇ ಇಳಿಯುತ್ತದೆ. ಹಿಂಡಿದರೆ ಕೀವಾಗುವ ಅಪಾಯವಿದೆ. ತಂಗಿ ಕೈ ಹಿಡಿದು ತಡೆದಳು. ಮೂಗಿಗೆ ಎಣ್ಣೆ ಬಿಡುವುದರ ಬಗ್ಗೆಯೂ ಜಗಳ ಆಗಿದೆ: ಅದು ಶ್ವಾಸಕೋಶಕ್ಕಿಳಿದರೆ ನ್ಯುಮೋನಿಯಾ ಆಗಬಹುದು. ತಲೆ ತಟ್ಟಿ ಗುಂಡು ಮಾಡುವುದಂತೂ ಬಿಟ್ಟಿ ಕೀರ್ತಿ. ಹೆರಿಗೆಯ ದಾರಿಯಲ್ಲಿ ಉದ್ದವಾದ ತಲೆ ಕೆಲವೇ ದಿನಗಳಲ್ಲಿ ತನ್ನಷ್ಟಕ್ಕೆ ದುಂಡಗಾಗುತ್ತದೆ.

ನನಗೆ ಅರ್ಥವಾಗದಿರುವುದು ಇದೇ. ಬೆನ್ನು ತೀಡುವ ಕೈಯೇ ಮೊಲೆ ಹಿಂಡಲು ಹೋಗುತ್ತದೆ, ಎರಡಕ್ಕೂ ಅದೇ ಧೈರ್ಯ. ಯಾವುದು ಪಳಗಿದ ವಿದ್ಯೆ, ಯಾವುದು ಬರೀ ರೂಢಿ ಎಂದು ಪಕ್ಕದಲ್ಲಿ ನಿಂತು ನೋಡುವವನಿಗೆ ತಿಳಿಯುವ ಬಗೆ ಹೇಗೆ? ಅಜ್ಜಿಗೇ ತಿಳಿದಿದೆಯೇ?

*

ಫ್ರೆಂಚ್ ವೈದ್ಯ ಫ್ರೆಡರಿಕ್ ಲೆಬೋಯರ್ ಕಲ್ಕತ್ತೆಯ ಕೊಳೆಗೇರಿಯಲ್ಲಿ, ಹೀಗೇ ಕಾಲು ಚಾಚಿ ಮಗುವಿಗೆ ಎಣ್ಣೆ ತೀಡುತ್ತಿದ್ದ ಶಾಂತಲಾ ಎಂಬಾಕೆಯನ್ನು ಕಂಡು, ಫೋಟೊ ತೆಗೆದು, 1976ರಲ್ಲಿ ಅವಳ ಹೆಸರಿನಲ್ಲೇ ಪುಸ್ತಕ ತಂದ. ಬ್ರೆಜಿಲ್‌ನಲ್ಲಿ ಈ ಕ್ರಮವನ್ನು ಇವತ್ತಿಗೂ 'ಶಾಂತಲಾ' ಎಂದೇ ಕರೆಯುತ್ತಾರೆ. ಅಲ್ಲಿನ ಸರ್ಕಾರ 2017ರಲ್ಲಿ ಇದನ್ನು ಸಾರ್ವಜನಿಕ ಆರೋಗ್ಯ ಸೇವೆಯ ಪಟ್ಟಿಗೂ ಸೇರಿಸಿತು. (ಬೇಲೂರಿನ ರಾಣಿಗೂ ಇದಕ್ಕೂ ಸಂಬಂಧವಿಲ್ಲ, ನಮ್ಮವರು ಸುಮ್ಮನೆ ಹೆಮ್ಮೆಪಡುವುದು ಬೇಡ.) ಅಲ್ಲಿ ಸರ್ಕಾರಿ ಸೇವೆ. ಇಲ್ಲಿ ಅಜ್ಜಿಗೆ ದಿನಗೂಲಿ, ಕೊನೆಗೊಂದು ಸೀರೆ.

*

ಎಲ್ಲರೂ ಕೂಸನ್ನೇ ತೂಗುತ್ತಾರೆ, ಬಾಣಂತಿಯನ್ನು ಕೇಳುವವರು ಕಡಿಮೆ. ತಂಗಿಗೆ ಸೊಂಟದ ಮೇಲೆ ಸುಡುಸುಡು ನೀರು ಬೀಳುವುದು ಇಷ್ಟ. ಹೊಟ್ಟೆಗೆ ಬಟ್ಟೆ ಬಿಗಿಯುವುದು ಇಷ್ಟವಿಲ್ಲ. ಬಾಣಂತಿಯ ಹೊಟ್ಟೆ ಸುತ್ತಿ ಕಟ್ಟಬೇಕೆಂದು ಚರಕ ಸಂಹಿತೆಯೇ ಹೇಳಿದೆ ಎಂದರೂ ಮೂಗು ಮುರಿಯುತ್ತಾಳೆ. "ಈ ಅರ್ಧ ಗಂಟೆ ಮಗು ನನ್ನ ಮೇಲೆ ಇರಲ್ಲ, ಅದೇ ಮಸಾಜು" ಅನ್ನುತ್ತಾಳೆ.

ಮೀನಖಂಡ ಒತ್ತುವಾಗ ಮಾತ್ರ ನನಗೆ ಜೀವ ಝಲ್ಲೆನ್ನುತ್ತದೆ. ಹೆರಿಗೆಯಾದ ಮೊದಲ ವಾರಗಳಲ್ಲಿ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚು. ಒಂದೇ ಕಾಲು ಊದಿ ನೋಯುತ್ತಿದ್ದರೆ ತಿಕ್ಕಬಾರದು, ಡಾಕ್ಟರಿಗೆ ತೋರಿಸಬೇಕು. ಅಜ್ಜಿಗೆ ಹೇಳಿದೆ. ವಾದಿಸಲಿಲ್ಲ. ಮಾರನೆಯ ದಿನ ಎಣ್ಣೆ ಹಚ್ಚುವ ಮೊದಲು ತಂಗಿಯ ಎರಡೂ ಕಾಲು ಜೋಡಿಸಿ, ಗೇಣು ಹಾಕಿ ಅಳೆದು ನೋಡಿದಳು. ನನಗದು ಹೊಳೆದೇ ಇರಲಿಲ್ಲ.

*

ಬಸುರಿಯರಿಗೆ ಅಜ್ಜಿ ಕೈ ಹಾಕುವುದಿಲ್ಲ. ಪಾದಕ್ಕೆ ಎಣ್ಣೆ ಸವರಿಯಾಳು, ಅಷ್ಟೇ. ನಮ್ಮ ಬಡಾವಣೆಯ ಸ್ಪಾ ಒಂದರಲ್ಲಿ ಗರ್ಭಿಣಿಯರನ್ನು ಮಗ್ಗುಲಾಗಿ ಮಲಗಿಸಿ, ದಿಂಬು ಕೊಟ್ಟು, ಹೊಟ್ಟೆ ಮುಟ್ಟದೆ ಬೆನ್ನು-ಭುಜ ತೀಡುತ್ತಾರೆ ಎಂದು ವಿವರಿಸಿದೆ. ಬೆಲೆಯನ್ನೂ ಹೇಳಿದೆ.

"ಅಷ್ಟು ದುಡ್ಡಿಗೆ ಹೊಟ್ಟೇನೂ ಮುಟ್ಟಲ್ವಾ?" ಅಂದಳು. ಹೊಗಳಿದಳೋ ಬೈದಳೋ, ಗೊತ್ತಾಗಲಿಲ್ಲ.