ಮೇಷ್ಟ್ರು ಮಾಡಿದ ತಪ್ಪು

ಚಿತ್ರದುರ್ಗ

ಪ್ರೀತಿಯ ಅಕ್ಕ,

ಹೊಸದುರ್ಗದಿಂದ ನೀವು ಬರೆದ ಕಾಗದ ಮೊನ್ನೆ ತಲುಪಿತು. ಧಾರಾವಾಹಿಯ ನಾಯಕಿಯರು ಎಂದೂ ತಪ್ಪು ಮಾಡುವುದಿಲ್ಲವೆಂದು ನಾನು ಬೇಸರಪಟ್ಟಿದ್ದಕ್ಕೆ ಚುರುಕಾಗಿ ಉತ್ತರಿಸಿದ್ದೀರಿ: ‘ಹಗಲೆಲ್ಲ ತೋಟ, ದನ, ಅಡುಗೆ ಅಂತ ದುಡಿದು ರಾತ್ರಿ ಟೀವಿ ಮುಂದೆ ಕೂತಾಗ ಒಬ್ಬರಾದರೂ ಒಳ್ಳೆಯವರನ್ನು ನೋಡಬೇಕು ಅನ್ನಿಸುತ್ತೆ. ತಪ್ಪು ಮಾಡೋರು ಮನೇಲೇ ಇದಾರಲ್ಲ!’

ಈ ಮಾತನ್ನು ಎರಡು ದಿನ ಮನಸ್ಸಿನಲ್ಲೇ ಇಟ್ಟುಕೊಂಡು ಓಡಾಡಿದೆ. ಒಳ್ಳೆಯವಳು ಇರಲಿ ಅಕ್ಕ, ಖಂಡಿತ ಇರಲಿ. ಅಳುವುದು, ಸಹಿಸುವುದು ಬಿಟ್ಟು ಕಥೆಯಲ್ಲಿ ಅವಳಿಗೆ ಬೇರೆ ಕೆಲಸವನ್ನೂ ಕೊಡಲಿ ಎಂಬುದಷ್ಟೇ ನನ್ನ ಆಸೆ. ವಾರಕ್ಕೆ ಐದಾರು ಎಪಿಸೋಡ್, ಜಾಹೀರಾತು ಕಳೆದರೆ ಒಂದೊಂದರಲ್ಲಿ ಇಪ್ಪತ್ತು ಚಿಲ್ಲರೆ ನಿಮಿಷದ ಕಥೆ, ಮೇಲೆ ವಾರವಾರವೂ ಟಿಆರ್‌ಪಿಯ ಚಿಂತೆ. ನಾಯಕಿಗೆ ಕೋಪ, ಹಟ, ಆಸೆ ಯಾವುದೂ ಇಲ್ಲವೆಂದ ಮೇಲೆ ಕಥೆ ಮುಂದೆ ಸಾಗುವುದಾದರೂ ಹೇಗೆ? ಆಗ ಅತ್ತೆಯೋ ನಾದಿನಿಯೋ ಹಾಲಿಗೆ ಏನಾದರೂ ಬೆರೆಸಬೇಕು, ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳಬೇಕು. ನಡೆಯುವುದೆಲ್ಲ ಕೆಟ್ಟವರಿಂದಲೇ ನಡೆಯುತ್ತದೆ, ನಮ್ಮ ನಾಯಕಿ ದೇವರಮನೆಯಲ್ಲಿ ಕೈಮುಗಿದು ನಿಂತಿರುತ್ತಾಳೆ.

ನಮ್ಮ ದುರ್ಗದ ಕಲ್ಲುಬಂಡೆಗಳ ಮೇಲೇ ಬೇರೊಂದು ಬಗೆಯ ನಾಯಕ ಹುಟ್ಟಿದ್ದ. ತಳುಕಿನ ತ.ರಾ.ಸು. ಅವರ ಕಾದಂಬರಿಗಳಿಂದ ಪುಟ್ಟಣ್ಣ ಕಣಗಾಲ್ 1972ರಲ್ಲಿ ‘ನಾಗರಹಾವು’ ತೆಗೆದರು. ಅದು ಸಿನಿಮಾ ನಿಜ, ಆದರೆ ನಾನು ಅದನ್ನು ಕಂಡದ್ದೆಲ್ಲ ಟೀವಿಯಲ್ಲೇ. ಅದರ ನಾಯಕ ರಾಮಾಚಾರಿ ಪರೀಕ್ಷೆಯಲ್ಲಿ ನಕಲು ಮಾಡಿ ಸಿಕ್ಕಿಬೀಳುತ್ತಾನೆ. ಆ ಸಿಟ್ಟಿಗೆ ಪ್ರಿನ್ಸಿಪಾಲರನ್ನೇ ಕಂಬಕ್ಕೆ ಕಟ್ಟಿಹಾಕುತ್ತಾನೆ. ಇಂಥವನನ್ನು ಮಗನಾಗಿ ಸಾಕುವುದು ಯಾರಿಗೂ ಬೇಡ. ಆದರೂ ಆ ಪಾತ್ರದಲ್ಲಿ ವಿಷ್ಣುವರ್ಧನ್ ಹುಬ್ಬು ಗಂಟಿಕ್ಕಿಕೊಂಡು ಆ ಬಂಡೆಗಳ ನಡುವೆ ಬಂದರೆ ನಮ್ಮಮ್ಮ ಒಲೆ ಸಣ್ಣ ಮಾಡಿ ಬಂದು ಕೂರುತ್ತಿದ್ದರು.

ಆದರೆ ಇವತ್ತು ನಿಮಗೆ ಹೇಳಬೇಕೆನಿಸಿದ್ದು ಅದೇ ಚಿತ್ರದ ಚಾಮಯ್ಯ ಮೇಷ್ಟ್ರ ವಿಷಯ. ನೀವು ಕೇಳುವಂಥ ಅಪ್ಪಟ ಒಳ್ಳೆಯ ಮನುಷ್ಯ ಅವರೇ ಅಲ್ಲವೇ? ಊರೆಲ್ಲ ಕೈಬಿಟ್ಟ ಹುಡುಗನನ್ನು ಅವರೂ ಹೆಂಡತಿ ತುಂಗಮ್ಮನೂ ಎದೆಗವುಚಿಕೊಂಡರು. ಅದೇ ಮೇಷ್ಟ್ರು, ಅದೇ ಪ್ರೀತಿಯ ಬಲದಿಂದ, ಅವನು ಮನಸಾರೆ ಮೆಚ್ಚಿದ ಅಲಮೇಲುವನ್ನು ಬಿಟ್ಟುಬಿಡೆಂದು ಅವನಿಂದ ಮಾತು ತೆಗೆದುಕೊಳ್ಳುತ್ತಾರೆ. ಯಾರ ಮಾತನ್ನೂ ಕೇಳದವನು ಅವರ ಮಾತನ್ನು ಮೀರುವುದಿಲ್ಲ. ಮುಂದೆ ಅಲಮೇಲುವಿನ ಬಾಳು ಹೇಗೆ ಹಾಳಾಯಿತೆಂಬುದು ನಿಮಗೆ ಗೊತ್ತಿದೆ. ಒಳ್ಳೆಯವರ ಒಂದು ತಪ್ಪು ಎಷ್ಟು ದೂರ ಹೋಗಿ ಮುಟ್ಟಬಹುದು ಎಂದು ನನಗೆ ಮೊದಲು ತಿಳಿದದ್ದು ಅಲ್ಲಿ. ಆ ಪಾತ್ರ ಮಾಡಿದ ಅಶ್ವಥ್ ಅವರ ಮುಖ ನೋಡುತ್ತಾ ಮೇಷ್ಟ್ರ ಮೇಲೆ ಕೋಪವೂ ಬರುತ್ತಿತ್ತು, ಓಡಿಹೋಗಿ ಅವರ ಕೈ ಹಿಡಿದುಕೊಳ್ಳಬೇಕೆಂದೂ ಅನ್ನಿಸುತ್ತಿತ್ತು. ಅಪ್ಪನ ಮೇಲೆ ನನಗೆ ಹಾಗೆಯೇ ಅನ್ನಿಸಿದ್ದುಂಟು. ನನ್ನ ಓದು ಬಿಡಿಸಿದ ದಿನ ಅಪ್ಪ ಊಟ ಮಾಡಿರಲಿಲ್ಲ.

‘ಭಾಗ್ಯಲಕ್ಷ್ಮೀ’ ಧಾರಾವಾಹಿಯನ್ನು ನೀವು ತಪ್ಪದೆ ನೋಡುತ್ತೀರಲ್ಲ, ನನಗೂ ಅದರಲ್ಲಿ ಮೆಚ್ಚಿಗೆಯಾದದ್ದಿದೆ. ಭಾಗ್ಯ ಮಗಳ ಜೊತೆಗೇ ಹತ್ತನೇ ತರಗತಿ ಓದಲು ಹೊರಟಾಗ ನಾನು ಕಣ್ಣೊರೆಸಿಕೊಂಡೆ. ಯಾಕೆಂದು ಮೇಲೆ ಬರೆದದ್ದನ್ನು ಓದಿದ ನಿಮಗೆ ಹೇಳಬೇಕಿಲ್ಲ. ಆಗ ಅವಳಿಗೊಂದು ಆಸೆಯಿತ್ತು, ಸೋಲುವ ಭಯವಿತ್ತು. ಅಂಥ ಭಾಗ್ಯ ಒಮ್ಮೆಯಾದರೂ ಮಗಳ ಮೇಲೆ ಅನ್ಯಾಯವಾಗಿ ರೇಗಲಿ, ಆಮೇಲೆ ರಾತ್ರಿಯೆಲ್ಲ ನಿದ್ದೆಗೆಡಲಿ. ನೀವು ಅವಳನ್ನು ಕೈಬಿಡುತ್ತೀರಾ? ಹೋದ ಕಾಗದದಲ್ಲಿ ಸೊಸೆಗೆ ಅಂದ ಮಾತನ್ನು ನೆನೆದು ನೀವೇ ಎಷ್ಟು ನೊಂದುಕೊಂಡಿದ್ದಿರಿ! ಅದನ್ನು ಓದಿದ ಮೇಲೆ ನೀವು ನನಗೆ ಇನ್ನಷ್ಟು ಹತ್ತಿರವಾದಿರಿ.

ನವೆಂಬರಿನಲ್ಲಿ ಸಾಣೇಹಳ್ಳಿಯ ನಾಟಕೋತ್ಸವಕ್ಕೆ ಬರುತ್ತೇನೆ. ಒಂದು ರಾತ್ರಿ ನಿಮ್ಮ ಮನೆಯಲ್ಲೇ ಉಳಿಯುತ್ತೇನೆ, ಧಾರಾವಾಹಿಯನ್ನು ಜೊತೆಗೇ ನೋಡೋಣ. ಸೊಸೆಯನ್ನೂ ಪಕ್ಕಕ್ಕೆ ಕೂರಿಸಿಕೊಳ್ಳಿ.

ನಿಮ್ಮ ತಂಗಿ