ಗಾಳಿ ಟಾಕಿಯ ನೀರು

ಹಳೇ ಏರ್ ಕಂಪ್ರೆಸರ್ ತಗೊಳ್ಳೋರು ಮೊದಲ ಮೋಟಾರ್ ನೋಡತಾರ. ನಾವು ಟಾಕಿ ನೋಡಿದ್ವಿ. ತಳದ ವಾಲ್ವ್ ಬಿಚ್ಚಿಸಿ, ತುಕ್ಕು ಉದುರತೈತೇನು ಅಂತ ನೋಡೇ ರೇಟ್ ಮಾತಾಡಿದ್ವಿ. ಮೋಟಾರ್ ಸುಟ್ಟರ ಕಾಯಿಲ್ ಸುತ್ತಸಬಹುದು, ಬೆಲ್ಟ್ ಹರದರ ಹೊಸಾದು ಹಾಕಬಹುದು. ಒಳಗಿಂದ ತುಕ್ಕು ತಿಂದ ಟಾಕಿಗೆ ಮದ್ದಿಲ್ಲ.

ಗಾಳ್ಯಾಗಿನ ಆವಿ ಒತ್ತಡಕ್ಕ ಸಿಕ್ಕು, ತಣ್ಣಗಾದ ಮ್ಯಾಲ ನೀರಾಗಿ ತಳಕ್ಕ ಕೂಡತೈತಿ. ಮಳಿಗಾಲದಾಗ ಇನ್ನೂ ಜಾಸ್ತಿ. ಅದಕ್ಕ ದಿನಾ ಸಂಜಿಗೆ ವಾಲ್ವ್ ತಿರುವಿ ನೀರು ಬಿಡತೇನಿ. ವಾರಕ್ಕೊಮ್ಮೆ ಎಣ್ಣಿ ನೋಡತೇನಿ, ಸೇಫ್ಟಿ ವಾಲ್ವಿನ ಉಂಗುರ ಎಳದು 'ಫುಸ್' ಅನ್ನೂದ ಕೇಳತೇನಿ.

ಟಾಕಿ ತೂತು ಬಿದ್ರ ವೆಲ್ಡಿಂಗ್ ಮಾಡಸ್ರಿ ಅಂತಾರ ಮಂದಿ. ಒಲ್ಲೆ ಅಂತೇನಿ. ಮೀಟರಿನಾಗ 8 ಕೆಜಿ ಅಂದ್ರ ಉಗುರಿನಷ್ಟು ಜಾಗದ ಮ್ಯಾಲ 8 ಕಿಲೋ ಜೋಳದ ಭಾರ. ಅದರ ಬಾಜೂಕ ಕುಂತ ನನ್ನ ಮಗ ಸೈಕಲ್ಲಿಗೆ ಗಾಳಿ ಹೊಡೀತಾನ.